ಕಾಕಾ ಕಟ್ಟಿದ ಜಗಳಗಳು

ನಮ್ಮ ಕಾಕಾ ಇದುವರೆಗೆ ಮನೆಗಳಿಗಿಂತ ಜಗಳಗಳನ್ನೇ ಹೆಚ್ಚು ಕಟ್ಟಿದ್ದಾರೆ. ಮನೆಗಳಲ್ಲಿ ಒಂದೆರಡು ಸೋರಿರಬಹುದು, ಜಗಳಗಳು ಮಾತ್ರ ಬಲು ಗಟ್ಟಿ. ಬೈಲಹೊಂಗಲದಿಂದ ಕಿತ್ತೂರಿನವರೆಗೆ ಅವರೊಂದಿಗೆ ಮಾತು ಬಿಟ್ಟ ಮನೆಮಾಲೀಕರು ಊರಿಗೆ ಇಬ್ಬರಾದರೂ ಸಿಗುತ್ತಾರೆ.

ಸಿಟ್ಟು ಶುರುವಾಗುವುದು ಹೆಸರಿನಿಂದಲೇ. ಅವರು ಆರ್ಕಿಟೆಕ್ಟ್. ನಮ್ಮ ಕಡೆ ಮನೆಯ ನಕ್ಷೆ ತೆಗೆಯುವವರೆಲ್ಲ ಇಂಜಿನಿಯರ್.

"ನಾ ಇಂಜಿನಿಯರ್ ಅಲ್ರಿ, ಆರ್ಕಿಟೆಕ್ಟ್ ಅದೇನಿ."

"ಆತ್ ಬಿಡ್ರಿ ಇಂಜಿನಿಯರ್ ಸಾಹೇಬ್ರ, ಅದರಾಗೇನೈತಿ?"

ಅದರಲ್ಲೇ ಎಲ್ಲ ಇದೆ ಎಂಬುದು ಕಾಕಾ ಅವರ ವಾದ. ನಾನು ಶಾಲಾ ಶಿಕ್ಷಕ. ರಜೆಯ ದಿನ ಅವರ ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯುವುದು ನನ್ನ ಪಾಲಿಗೆ ಬಂದ ಕೆಲಸ. ಹೀಗಾಗಿ ಅವರ ಸಿಟ್ಟಿನ ಉದ್ದಗಲವೂ ನನಗೆ ಗೊತ್ತು.

ಯರಗಟ್ಟಿಯ ಕಾಳಿನ ವ್ಯಾಪಾರಿಯೊಬ್ಬರ ಮನೆಗೆ, ಗಾಳಿ ಬರಲೆಂದು ಕಾಕಾ ಪಡುವಣ ಗೋಡೆಯಲ್ಲಿ ದೊಡ್ಡ ಕಿಟಕಿ ಇಡಿಸಿದ್ದರು. ಗೃಹಪ್ರವೇಶಕ್ಕೆ ಹೋಗಿ ನೋಡಿದರೆ ಕಿಟಕಿಯ ಜಾಗದಲ್ಲಿ ಇಟ್ಟಿಗೆ. ವಾಸ್ತು ಹೇಳುವವನೊಬ್ಬ ಮುಚ್ಚಿಸಿಬಿಟ್ಟಿದ್ದ. ಕಾಕಾ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಬೆನ್ನು ಮಾಡಿ, ಆ ಗೋಡೆಗೆ ಮುಖ ಕೊಟ್ಟು ಕುಳಿತರು.

"ಹಿಂಗ್ಯಾಕ ಕುಂತ್ರಿ? ಈ ಕಡೆ ತಿರಗ್ರಿ, ಹೋಳಿಗಿ ಬಂತು," ಎಂದರು ವ್ಯಾಪಾರಿ.

"ಗಾಳಿ ತಗೋಳಾಕ ಹತ್ತೇನಿ. ನೀವು ಬಡಸ್ರಿ."

ಹೋಳಿಗೆಯನ್ನೇನೂ ಬಿಡಲಿಲ್ಲ ಅನ್ನಿ. ಸಿಟ್ಟಿನಲ್ಲಿ ನಾಲ್ಕು ತಿಂದರು.

ಸವದತ್ತಿಯ ಡಾಕ್ಟರರದು ಇನ್ನೊಂದು ಕಥೆ. ರೋಗಿಗಳ ಜೊತೆ ಬಂದವರು ಕುಳಿತುಕೊಳ್ಳಲೆಂದು ಕಾಕಾ ದವಾಖಾನೆಯ ಮುಂದೆ ಅಗಲವಾದ ಮೆಟ್ಟಿಲು ಮಾಡಿಸಿದ್ದರು. ಜನ ಕುಳಿತರೆ ಶೋಭೆ ಕೆಡುತ್ತದೆಂದು ಡಾಕ್ಟರರು ಅದಕ್ಕೆ ಕಬ್ಬಿಣದ ಗ್ರಿಲ್ ಹಾಕಿಸಿದರು. ಕಾಕಾ ಹೋಗಿ ಗ್ರಿಲ್ ನೋಡಿದರು, ಚೀಟಿ ಮಾಡಿಸಿದರು, ಪಾಳಿಯಲ್ಲಿ ಕುಳಿತು ಒಳಗೆ ಹೋದರು.

"ಏನಾಗೇತ್ರಿ?"

"ಹೊಟ್ಟಿ ಉರಿಯಾಕ ಹತ್ತೇತ್ರಿ."

"ಯಾವಾಗಿಂದ?"

"ನಿಮ್ಮ ಗ್ರಿಲ್ ನೋಡಿದಾಗಿಂದ."

ಡಾಕ್ಟರರು ಗ್ರಿಲ್ ತೆಗೆಸಲಿಲ್ಲ. ಗುಳಿಗೆ ಬರೆದುಕೊಟ್ಟರು.

ಇಂಥವರನ್ನು ಮನೆ ಕಟ್ಟಲು ಯಾರು ಕರೆಯುತ್ತಾರೆ? ಕೆಲಸ ಕಡಿಮೆಯಾದಾಗ ಕಾಕಾ ಪ್ರದರ್ಶನಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ಇಳಿದರು. "ಇಲ್ಲಿ ಜನ ನೋಡಿ ಹೋಗ್ತಾರ, ಇರೂದಿಲ್ಲ. ಕೆಡಸಾಕ ಟೈಮ್ ಸಿಗೂದಿಲ್ಲ," ಎಂದು ನನಗೆ ಹೇಳಿದರು.

ಕೆಡಿಸುವವರಿಗೆ ಎಷ್ಟು ಹೊತ್ತು ಬೇಕು? ಹೋದ ವರ್ಷ ರಾಮದುರ್ಗದಲ್ಲಿ ಕೈಮಗ್ಗದ ಸೀರೆಗಳ ಪ್ರದರ್ಶನವಿತ್ತು. ಕಾಕಾ ಸೀರೆಗಳನ್ನು ಬಿಚ್ಚಿ, ಸಭಾಭವನದ ಛಾವಣಿಯಿಂದ ಉದ್ದಕ್ಕೆ ಇಳಿಬಿಟ್ಟಿದ್ದರು. ಪ್ರತಿಯೊಂದರ ಕೆಳಗೆ ನೇಯ್ದವರ ಹೆಸರು. ಉದ್ಘಾಟನೆಯ ಬೆಳಿಗ್ಗೆ ಸಂಘಟಕರೊಬ್ಬರು ತಮ್ಮ ಫೋಟೋ ಇದ್ದ ಫ್ಲೆಕ್ಸನ್ನು ಸೀರೆಗಳಿಗೆ ಅಡ್ಡಲಾಗಿ ಕಟ್ಟಿಸಿದರು.

"ಇದು ನೇಕಾರರ ಪ್ರದರ್ಶನೋ, ನಿಮ್ಮ ಮೀಸಿದೋ?" ಎಂದು ಕಾಕಾ ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು. ಫ್ಲೆಕ್ಸ್ ಬಿಚ್ಚಿ, ಮುಖ ಕೆಳಗೆ ಮಾಡಿ, ಬಾಗಿಲಲ್ಲಿ ಹಾಸಿದರು. ಅತಿಥಿಗಳು ಅದರ ಮೇಲೆಯೇ ಚಪ್ಪಲಿ ಬಿಟ್ಟು ಒಳಗೆ ಹೋದರು.

ಆ ಚಪ್ಪಲಿಗಳ ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಪಾಸ್ ಇಲ್ಲವೆಂದು ಬಾಗಿಲಲ್ಲಿದ್ದವರು ತಡೆದಿದ್ದರು.

"ಒಳಗ ನಾ ನೇದ ಸೀರಿ ಒಂದೈತ್ರಿ. ನೋಡಿ ಹೋಗ್ತೇನ್ರಿ," ಎನ್ನುತ್ತಿದ್ದರು.

ಇನ್ನು ಇವರ ಕೂಗಿಗೆ ಭವನದ ತಗಡು ಹಾರಿತು ಅಂದುಕೊಂಡೆ. ಆದರೆ ಕಾಕಾ ಅಜ್ಜಿಯ ಹೆಸರು ಕೇಳಿ, ಕೈ ಹಿಡಿದು ಒಳಗೆ ಕರೆದೊಯ್ದು, ಅವರ ಸೀರೆಯ ಮುಂದೆ ನಿಲ್ಲಿಸಿದರು.

ಅಜ್ಜಿ ಮೇಲಿನಿಂದ ಕೆಳಗೆ ಬಹಳ ಹೊತ್ತು ನೋಡಿದರು. "ಇಷ್ಟುದ್ದ ಒಮ್ಮಿಗೇ ನೋಡಿದ್ದ ಇಲ್ಲೋ ತಮ್ಮಾ. ನೇದಂಗ ನೇದಂಗ ಮಗ್ಗಕ್ಕ ಸುತಗೊಂತ ಹೋಗೂದು, ಮುಗದ ಮ್ಯಾಲ ಮಡಚಿ ಕೊಡೂದು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಆದ್ರ ಉಲ್ಟಾ ಇಳಿಬಿಟ್ಟೀಯಲ್ಲೋ. ಇದು ಸೀರಿ ಬೆನ್ನು."

ಒಂದು ಮೊಳೆಯ ಜಾಗ ಬದಲಿಸಿ ಎಂದವರೊಡನೆ ಎರಡು ವರ್ಷ ಮಾತು ಬಿಟ್ಟ ಮನುಷ್ಯ ಇವರು. ಸಂಘಟಕರು ಎರಡು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ.

"ತಪ್ಪಾತವ್ವಾ," ಎಂದರು ಕಾಕಾ.

ತಾವೇ ಏಣಿ ತಂದು ಹತ್ತಿದರು. ಸೀರೆ ನೆಲಕ್ಕೆ ತಾಗದಂತೆ ಅಜ್ಜಿ ಕೆಳಗೆ ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತರು. ಮುಖ್ಯ ಅತಿಥಿಗಳು ದೀಪ ಹಚ್ಚಲು ಕಾಯುತ್ತಿದ್ದರು. ಕಾಕಾ ಆ ಕಡೆ ನೋಡಲೂ ಇಲ್ಲ.

"ಈಗ ಛಲೋ ಆತೇನವ್ವಾ?"

"ಇನ್ನಾ ಚೂರು ಎಡಕ್ಕ, ತಮ್ಮಾ."

ಕಾಕಾ ಚೂರು ಎಡಕ್ಕೆ ಸರಿಸಿದರು.