ಅಕ್ಕ ಕೂರಬೇಕಾಗಿದ್ದ ಕುರ್ಚಿ

ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೇ ಫೋನು ಬಂತು. ಬೊಂಬೆಯಣ್ಣ ಹಾಲನ್ನು ಅದರ ಪಾಡಿಗೆ ಬಿಟ್ಟು ಫೋನು ಎತ್ತಿದ. ಎರಡರಲ್ಲಿ ಹಾಲನ್ನು ಆರಿಸಿಕೊಂಡಿದ್ದರೆ ಒಲೆಯಾದರೂ ಸ್ವಚ್ಛವಾಗಿರುತ್ತಿತ್ತು.

"ಏನೋ, ಸಂಜೆ ಐದಕ್ಕೆ ಬರ್ತೀನಿ. ನಿನ್ನ ಮನೆ ಒಂದ್ಸಲ ನೋಡ್ಬೇಕು. ಎಲ್ಲೂ ಹೋಗ್ಬೇಡ."

ಅಕ್ಕನ ದನಿ. ಅವನು "ಯಾಕಕ್ಕಾ?" ಎಂದು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಅಕ್ಕ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಮೇಟ್ರನ್ ಆಗಿ ನಿವೃತ್ತಳಾದವಳು. ಮಾತನ್ನೂ ಮಾತ್ರೆಯ ಹಾಗೆ ಕೊಡುತ್ತಿದ್ದಳು: ಎಣಿಸಿ, ಹೊತ್ತಿಗೆ ಸರಿಯಾಗಿ, ನೀರಿಲ್ಲದೆ.

ಬೊಂಬೆಯಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆ ಬಟ್ಟೆ ತೊಡಿಸುವುದು ಅವನ ಕೆಲಸ. ಹದಿನಾಲ್ಕು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಅವನು ಉಡಿಸಿದರೆ ಎಂಥ ಅಂಗಿಯೂ ಅಳತೆ ಕೊಟ್ಟು ಹೊಲಿಸಿದಂತೆ ಕಾಣುತ್ತಿತ್ತು. ಬೊಂಬೆಯ ಬೆನ್ನಿಗೆ ಬಂದು ನೋಡಿದವರಿಗೆ ಮಾತ್ರ ಅಲ್ಲಿ ಚುಚ್ಚಿರುವ ಇಪ್ಪತ್ತು ಪಿನ್ನು ಕಾಣುತ್ತಿದ್ದವು. ಆದರೆ ಬೀದಿಯಲ್ಲಿ ಹೋಗುವವರು ಬೊಂಬೆಯ ಬೆನ್ನಿಗೆ ಬರುವುದಿಲ್ಲವಲ್ಲ.

ಅವನು ಕೋಣೆಗೆ ಓಡಿದ. ಹೆಂಡತಿ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದಳು. ಏಳು ತಿಂಗಳು ತುಂಬಿತ್ತು. ಕಾಲು ಮೇಲೆ ಮಾಡಿಕೊಂಡು ಆದಷ್ಟು ಮಲಗಿರಿ ಎಂದು ಡಾಕ್ಟರು ಹೇಳಿ ಹನ್ನೊಂದು ದಿನವಾಗಿತ್ತು.

"ಅಕ್ಕ ಬರ್ತಿದಾಳೆ ಕಣೆ! ಮಕ್ಕಳನ್ನ ಕರ್ಕೊಂಡು ಹೋಗೋಕೆ!"

"ಹಾಗಂತ ಹೇಳಿದ್ರಾ?"

"ಹೇಳ್ಬೇಕಾ? ಹೋದ ಸಲ ಹೇಳಿದ್ಲಾ?"

ಹೋದ ಸಲ, ಅಂದರೆ ನಾಲ್ಕು ವರ್ಷದ ಹಿಂದೆ, ಎರಡನೆಯದು ಹೊಟ್ಟೆಯಲ್ಲಿದ್ದಾಗಲೂ ಹೀಗೇ ಫೋನು ಬಂದಿತ್ತು. ಅಕ್ಕ ಬಂದಳು, ಮನೆ ನೋಡಿದಳು, ಆಗ ಮೂರು ವರ್ಷದವಳಾಗಿದ್ದ ಮಗಳನ್ನು ಸೊಂಟಕ್ಕೇರಿಸಿಕೊಂಡು "ಹೆರಿಗೆ ಆಗಿ ಸುಧಾರಿಸಿಕೊಳ್ಳೋವರೆಗೂ ನನ್ನ ಹತ್ರ ಇರ್ಲಿ" ಎಂದು ಹೊರಟೇಹೋದಳು. ಮೂರು ತಿಂಗಳ ಮೇಲೆ ವಾಪಸು ಬಂದ ಮಗಳು ಒಂಬತ್ತು ದಿನ ಅಪ್ಪನನ್ನು 'ಅಂಕಲ್' ಎಂದು ಕರೆದಳು. ಆ ಒಂಬತ್ತು ದಿನವನ್ನು ಬೊಂಬೆಯಣ್ಣ ಇನ್ನೂ ಮರೆತಿರಲಿಲ್ಲ.

"ಫೋನ್ ಮಾಡಿ ಕೇಳಿಬಿಡಿ," ಎಂದಳು ಹೆಂಡತಿ.

ಮಾಡಿದ. ಅಕ್ಕ ಎತ್ತಲಿಲ್ಲ. ಪ್ರಯಾಣದಲ್ಲಿ ಫೋನು ಎತ್ತುವುದು ಅವಳ ಪದ್ಧತಿಯಲ್ಲ.

"ಹಾಗಾದ್ರೆ ಮನೆ ಹೇಗಿದೆಯೋ ಹಾಗೇ ನೋಡ್ಲಿ ಬಿಡ್ರೀ. ನಾವೇನು ಕಳ್ಳತನ ಮಾಡಿದೀವಾ?"

ಬೊಂಬೆಯಣ್ಣ ಮನೆ ಹೇಗಿದೆಯೆಂದು ನೋಡಿದ. ಫ್ರಿಜ್ಜಿನ ಬಾಗಿಲಿಗೆ ಮಗ ಟೂತ್‌ಪೇಸ್ಟಿನಲ್ಲಿ ಆನೆ ಬರೆದಿದ್ದ. ಬಾಲ್ಕನಿಯಲ್ಲಿ ಅದೇ ಮಗ ರಾತ್ರಿ ಒದ್ದೆ ಮಾಡಿದ್ದ ಹಾಸಿಗೆ ಒಣಗುತ್ತಿತ್ತು. ಕುರ್ಚಿಯ ಮೇಲೆ ಜೋಡಿಯಿಲ್ಲದ ಕಾಲುಚೀಲಗಳ ಗುಡ್ಡೆ, ಗುಡ್ಡೆಯ ಮೇಲೆ ಅರ್ಧ ತಿಂದ ಬಾಳೆಹಣ್ಣು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಸುಟ್ಟ ಹಾಲಿನ ವಾಸನೆ ಈಗ ತಾನೇ ಸೇರಿಕೊಂಡಿತ್ತು.

"ಹೀಗೇ ನೋಡಿದ್ರೆ ಮಕ್ಕಳ ಜೊತೆ ನನ್ನನ್ನೂ ಎತ್ಕೊಂಡು ಹೋಗ್ತಾಳೆ," ಎಂದ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಏಳು ವರ್ಷದ ಮಗಳ ಮುಖ ಸಣ್ಣದಾಗಿತ್ತು. "ನಾನು ಹೋಗಲ್ಲಪ್ಪ. ತಮ್ಮ ಹುಟ್ಟಿದಾಗ್ಲೂ ನಂಗೆ ತೋರಿಸ್ಲೇ ಇಲ್ಲ. ಈ ಪಾಪುನ ನಾನೇ ಮೊದ್ಲು ನೋಡ್ಬೇಕು."

ಅಲ್ಲಿಗೆ ತೀರ್ಮಾನವಾಯಿತು. ಸಂಜೆ ಐದರೊಳಗೆ ಮನೆ ಎಂದರೆ ಹೀಗಿರಬೇಕು ಎನ್ನುವಂತಾಗಬೇಕು.

ಹತ್ತು ಗಂಟೆ ಕೈಯಲ್ಲಿತ್ತು. ಮನೆಯನ್ನು ನಿಜವಾಗಿ ಸರಿಮಾಡಲು ಹತ್ತು ದಿನ ಬೇಕು. ಆಗ ಅವನ ಹದಿನಾಲ್ಕು ವರ್ಷದ ಅನುಭವ ನೆರವಿಗೆ ಬಂತು. ನೋಡುವವರು ಎಲ್ಲಿ ನಿಲ್ಲುತ್ತಾರೆಂದು ಗೊತ್ತಿದ್ದರೆ ಅವರಿಗೆ ಕಾಣುವಷ್ಟನ್ನು ಮಾತ್ರ ಸಿಂಗರಿಸಿದರೆ ಸಾಕು. ಅಕ್ಕನಿಗೆ ಮಂಡಿನೋವು. ಸೋಫಾದಲ್ಲಿ ಕೂತರೆ ಏಳಲಾಗದು. ಹೀಗಾಗಿ ಮನೆಯಲ್ಲಿದ್ದ ಒಂದೇ ಒಂದು ಕೈಯಿರುವ ಎತ್ತರದ ಕುರ್ಚಿಯಲ್ಲೇ ಅವಳು ಕೂರಬೇಕು. ಬೊಂಬೆಯಣ್ಣ ಕುರ್ಚಿಯನ್ನು ಹಾಲಿನ ಮೂಲೆಗೆ ಎಳೆದು, ತಾನೇ ಕೂತು, ಕಣ್ಣಿನ ಮಟ್ಟದಿಂದ ಗೋಡೆಗೆ ದಾರ ಕಟ್ಟಿಸಿ ಅಳತೆ ತೆಗೆದ. ದಾರದ ಒಳಗೆ ಬಂದದ್ದು ಅಂಗಡಿ. ಹೊರಗೆ ಬಿದ್ದದ್ದು ಗೋದಾಮು.

ಎದುರು ಬಾಗಿಲಿನ ಟೈಲರಮ್ಮನಿಗೆ ವಿಷಯ ತಿಳಿಯಲು ಐದು ನಿಮಿಷ ಬೇಕಾಯಿತು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದಳು.

"ಮಕ್ಕಳನ್ನ ಕರ್ಕೊಂಡು ಹೋಗ್ತಾರಂತಾ? ಬಿಡೋರ‍್ಯಾರು! ನಾನಿದೀನಿ. ಆದ್ರೆ ಬೊಂಬೆಯಣ್ಣ, ಬಸುರಿ ಹೆಂಗಸು ಮಲಗಿರೋ ಮನೇಲಿ ಒಬ್ಬ ಕೆಲಸದವಳೂ ಇಲ್ಲ ಅಂದ್ರೆ ಯಾರು ಒಪ್ತಾರೆ?"

"ಈಗ ಎಲ್ಲಿಂದ ತರ್ಲಿ ಅಮ್ಮಾ?"

"ನಿಮ್ಮ ಅಂಗಡಿ ತುಂಬಾ ನಿಂತಿದಾರಲ್ಲ!"

ತಮಾಷೆಗೆ ಹೇಳಿದ್ದಳು. ಬೊಂಬೆಯಣ್ಣ ತಮಾಷೆಯನ್ನು ಎರಡು ನಿಮಿಷ ಯೋಚಿಸಿದ. ಅಡುಗೆಮನೆಯ ಬಾಗಿಲಿಗೆ ಮಸುಕು ಗಾಜು. ಅದರ ಹಿಂದೆ ಯಾರು ನಿಂತರೂ ಆಕಾರವಷ್ಟೇ ಕಾಣುವುದು.

ಮಧ್ಯಾಹ್ನ ಅಂಗಡಿಯಿಂದ ಅರ್ಧ ದಿನ ರಜೆ ಕೇಳಿ, ರಿಪೇರಿಗೆಂದು ಬದಿಗಿಟ್ಟಿದ್ದ ಎಡಗೈಯಿಲ್ಲದ ಬೊಂಬೆಯೊಂದನ್ನು ಮಾಲೀಕನ ಒಪ್ಪಿಗೆಯ ಮೇಲೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ಬೊಂಬೆಯ ಬಲಗೈ ಅವನ ಭುಜದ ಮೇಲಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ನೋಡಿದ, ಮತ್ತೆ ನೋಡಿದ, ಆಮೇಲೆ ಹಸಿರು ದೀಪ ಬಂದರೂ ನೋಡುತ್ತಲೇ ನಿಂತ. ಟೈಲರಮ್ಮ ತನ್ನ ಹಳೆಯ ಗೌನು ತೊಡಿಸಿ, ತಲೆಗೆ ಸ್ಕಾರ್ಫು ಕಟ್ಟಿ, ಏಪ್ರನ್ನು ಬಿಗಿದಳು. ಗಾಜಿನ ಈಚೆಯಿಂದ ನೋಡಿದರೆ ಯಾರೋ ಹೆಂಗಸು ತಲೆ ತಗ್ಗಿಸಿಕೊಂಡು ಪಾತ್ರೆ ತೊಳೆಯುತ್ತಿರುವ ಹಾಗೇ ಇತ್ತು.

"ರೀ," ಎಂದಳು ಹೆಂಡತಿ ಒಳಗಿನಿಂದ, "ಅವಳಿಗೆ ಸಂಬಳ ಎಷ್ಟು ಅಂತ ಅತ್ತಿಗೆ ಕೇಳಿದ್ರೆ?"

"ನೀನು ನಗಬೇಡ. ಡಾಕ್ಟ್ರು ಮಲಗು ಅಂದಿದಾರೆ, ಮಲಗು."

ಗೋದಾಮಿನ ಸಾಮಾನಿನಲ್ಲಿ ಹಿಡಿಸಿದಷ್ಟು ಹೆಂಡತಿಯ ಮಂಚದ ಕೆಳಗೆ ಹೋಯಿತು. ಮಂಚಕ್ಕೆ ನೆಲ ಮುಟ್ಟುವ ಹೊದಿಕೆ ಬಂತು. ಮಗನಿಗೆ ಟೈಲರಮ್ಮ ಯಾರೋ ಗಿರಾಕಿಯ ಮಗುವಿಗೆ ಹೊಲಿದಿದ್ದ ಹೊಸ ಅಂಗಿ ತೊಡಿಸಿದಳು. ಎರಡು ಸೈಜು ದೊಡ್ಡದಾಗಿದ್ದರಿಂದ ಬೆನ್ನಿಗೆ ಪಿನ್ನು ಹಾಕಿ, "ಅತ್ತೆಗೆ ಬೆನ್ನು ತೋರಿಸ್ಬೇಡ" ಎಂದು ಹೇಳಿಕೊಟ್ಟಳು. ಮಗಳಿಗೆ ಊಟ, ನಿದ್ದೆ, ತಲೆಸ್ನಾನ ಎಂದು ಮೂರು ಉತ್ತರ ಬಾಯಿಪಾಠ ಮಾಡಿಸಿದ್ದಾಯಿತು.

ನಾಲ್ಕೂವರೆಗೆ ಮೇಲಿನ ಮನೆಯ ಡ್ರೈವರ್ ಮಾಮ ಸ್ಪ್ಯಾನರ್ ಹಿಡಿದು ಇಳಿದು ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಕಟ್ಟಡದ ಯಾವ ನಲ್ಲಿಯನ್ನೂ ಅವರು ಸುಮ್ಮನೆ ಬಿಟ್ಟಿರಲಿಲ್ಲ.

"ನಲ್ಲಿ ತೊಟ್ಟಿಕ್ತಿದೆ ಅಂದ್ರೆ ಮನೆ ಯಜಮಾನ ಸೋಮಾರಿ ಅಂತ ಅರ್ಥ. ಎರಡೇ ನಿಮಿಷ!" ಎಂದು ಯಾರೂ ಕರೆಯದಿದ್ದರೂ ಅಡುಗೆಮನೆಗೆ ನುಗ್ಗಿದರು. ಇಪ್ಪತ್ತೈದು ನಿಮಿಷವಾದರೂ ಬರಲಿಲ್ಲ. ಐದಕ್ಕೆ ಎರಡು ನಿಮಿಷವಿರುವಾಗ ಕರೆಗಂಟೆ ಸದ್ದು ಮಾಡಿತು.

"ಮಾಮಾ, ಉಸಿರೆತ್ತಬೇಡಿ!" ಎಂದು ಬೊಂಬೆಯಣ್ಣ ಗಾಜಿನ ಬಾಗಿಲು ಎಳೆದುಕೊಂಡ.

ಅಕ್ಕ ಒಳಗೆ ಬಂದಳು. ಬಿಳಿ ಕೂದಲು, ನೇರ ಬೆನ್ನು, ಕೈಯಲ್ಲಿ ಹಳೆಯ ಚರ್ಮದ ಚೀಲ. ಬೊಂಬೆಯಣ್ಣ ಕುರ್ಚಿಯ ಹಿಡಿಕೆಯನ್ನು ತಟ್ಟಿದ. "ಕೂತ್ಕೋ ಅಕ್ಕ, ದಣಿದಿರ್ತೀಯ."

"ಬೆಳಗ್ಗಿಂದ ಕಾರಲ್ಲಿ ಕೂತು ಕೂತು ಸಾಕಾಗಿದೆ. ಓಡಾಡ್ತೀನಿ."

ದಾರ ಕಟ್ಟಿ ತೆಗೆದ ಅಳತೆಯೆಲ್ಲ ಒಂದೇ ಮಾತಿಗೆ ಮುಗಿಯಿತು. ಅಕ್ಕ ವಾರ್ಡಿನ ರೌಂಡಿಗೆ ಹೊರಟವಳಂತೆ ಬಲಗಡೆಯಿಂದ ಶುರುಮಾಡಿದಳು. ಬೊಂಬೆಯಣ್ಣ ಅವಳಿಗೂ ಗೋದಾಮಿಗೂ ಮಧ್ಯೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಗೋಲು ಕಾಯುವವನ ಹಾಗೆ ಜೊತೆಯಲ್ಲೇ ಜರುಗಿದ.

"ದಿನಾ ಎಷ್ಟು ಗಂಟೆಗೆ ಮಲಗ್ತೀಯ ಪುಟ್ಟಿ?" ಎಂದು ಅಕ್ಕ ಮಗಳನ್ನು ಕೇಳಿದಳು.

ಮಗಳಿಗೆ ಕಲಿಸಿದ್ದ ಮೊದಲ ಪ್ರಶ್ನೆ ಊಟದ್ದು. "ಹಾಲು, ಮೊಟ್ಟೆ, ಹಣ್ಣು," ಎಂದಳು.

"ಓಹೋ. ಏನೇನು ತಿಂತೀಯ?"

"ಒಂಬತ್ತು ಗಂಟೆಗೆ, ಹಲ್ಲುಜ್ಜಿ."

"ಅಪ್ಪ ಬೈತಾನಾ?"

"ವಾರಕ್ಕೆರಡು ಸಲ, ಬಿಸಿನೀರಲ್ಲಿ."

ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮಗ ಅತ್ತೆಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆಯುತ್ತ ಹೋಗಿ ಗೋಡೆಗೆ ಆನಿಕೊಂಡ, ಪಿನ್ನು ಚುಚ್ಚಿತು, "ಅಮ್ಮಾ!" ಎಂದು ಕಿರುಚಿ ಕೋಣೆಗೆ ಓಡಿದ. ಅಂಗಿಯ ಬೆನ್ನು ಮುಳ್ಳುಹಂದಿಯಂತೆ ಎಲ್ಲರಿಗೂ ಕಂಡಿತು.

ಅಕ್ಕ ಗಾಜಿನ ಬಾಗಿಲ ಕಡೆ ನೋಡಿದಳು. "ಒಂದು ಲೋಟ ನೀರು ಕೊಡಮ್ಮ."

ಒಳಗಿನ ಆಕಾರ ಅಲುಗಾಡಲಿಲ್ಲ. "ಅವಳಿಗೆ ಕಿವಿ ಸ್ವಲ್ಪ..." ಎಂದು ಬೊಂಬೆಯಣ್ಣ ಶುರುಮಾಡುವಷ್ಟರಲ್ಲಿ ಬಾಗಿಲು ಅರ್ಧ ಅಡಿ ತೆರೆದು, ಒಂದು ಕೈ ನೀರಿನ ಲೋಟ ಹಿಡಿದು ಹೊರಗೆ ಬಂತು. ಕೈ ತುಂಬಾ ದಟ್ಟ ಕೂದಲು, ಮಣಿಕಟ್ಟಿನಲ್ಲಿ ತಟ್ಟೆಯಷ್ಟು ಅಗಲದ ಗಡಿಯಾರ, ಬೆರಳಿಗೆ ಗ್ರೀಸು.

ಅಕ್ಕ ಲೋಟ ತೆಗೆದುಕೊಂಡಳು. "ಥ್ಯಾಂಕ್ಸ್ ಕಣಮ್ಮ," ಎಂದಳು.

"ಪರವಾಗಿಲ್ಲ ಬಿಡಿ," ಎಂದಿತು ಒಳಗಿನಿಂದ ಗಡಸು ದನಿ. ಅಷ್ಟರಲ್ಲಿ ತನ್ನ ತಪ್ಪು ಹೊಳೆದು, ಅದೇ ಮಾತನ್ನು ಇನ್ನೊಮ್ಮೆ ಕೀರಲಾಗಿ ಹೇಳಿತು.

ಕೋಣೆಯಲ್ಲಿ ಹೆಂಡತಿ ದಿಂಬನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಅಕ್ಕ ಒಳಗೆ ಹೋಗಿ, ಚೀಲದಿಂದ ಬಿ.ಪಿ. ಯಂತ್ರ ತೆಗೆದು, ತೋಳಿಗೆ ಪಟ್ಟಿ ಸುತ್ತಿದಳು. ನೂರ ಹದಿನೆಂಟಕ್ಕೆ ಎಪ್ಪತ್ತಾರು. ಪಾದದ ಊತವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮಗನ ಕಿವಿ ಹಿಂದೆ ನೋಡಿದಳು, ಮಗಳ ಉಗುರು ನೋಡಿದಳು. ಕೊನೆಗೆ ಬಗ್ಗಿ, ಮಂಚದ ಹೊದಿಕೆಯ ಅಂಚು ಎತ್ತಿದಳು. ಕೆಳಗಿನಿಂದ ಒಂದು ಕಾಲುಚೀಲ ಉರುಳಿ ಹೊರಬಂತು. ಅಕ್ಕ ಒಂದು ಕ್ಷಣ ಒಳಗೆ ನೋಡಿ, ಕಾಲುಚೀಲವನ್ನು ಅಲ್ಲೇ ತಳ್ಳಿ, ಹೊದಿಕೆ ಇಳಿಸಿದಳು.

ಬೊಂಬೆಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಎಲ್ಲಾ ನಾಟಕ. ಮನೆ ಹೀಗಿಲ್ಲ. ಆ ಕೆಲಸದವಳಿಗೆ ಒಂದು ಕೈ ಇಲ್ಲ, ಜೀವಾನೂ ಇಲ್ಲ. ಆದ್ರೆ ಮಕ್ಕಳನ್ನ ಮಾತ್ರ ಕರ್ಕೊಂಡು ಹೋಗ್ಬೇಡ. ಬೆಳಗ್ಗೆ ನಾನೇ ಎಬ್ಬಿಸ್ತೀನಿ, ನಾನೇ ಸ್ಕೂಲಿಗೆ ಬಿಡ್ತೀನಿ, ರಾತ್ರಿ ಕತೆ ಹೇಳಿ ಮಲಗಿಸ್ತೀನಿ. ಗಲೀಜಾಗಿದೆ ನಿಜ. ಆದ್ರೆ ಅವಕ್ಕೆ ಒಂದು ದಿನಾನೂ ಏನೂ ಕಡಿಮೆ ಮಾಡಿಲ್ಲ."

ಮಗಳು ಬಂದು ಅಪ್ಪನ ಕೈ ಹಿಡಿದುಕೊಂಡಳು. ಟೈಲರಮ್ಮ ಬಾಗಿಲಲ್ಲಿ ಕಣ್ಣೊರೆಸಿಕೊಂಡಳು. ಅಡುಗೆಮನೆಯ ಗಾಜಿನ ಹಿಂದೆ ಈಗ ಎರಡು ಆಕಾರಗಳಿದ್ದವು. ಒಂದು ಇತ್ತ ಕಿವಿಗೊಟ್ಟಿತ್ತು.

"ಮಕ್ಕಳನ್ನ ಯಾರು ಕರ್ಕೊಂಡು ಹೋಗ್ತಾರೋ?" ಎಂದಳು ಅಕ್ಕ.

"ಮತ್ತೆ... ನೀನು ಮನೆ ನೋಡ್ಬೇಕು ಅಂದಿದ್ದು?"

ಅಕ್ಕ ಬಿ.ಪಿ. ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿದಳು. "ನನ್ನ ಮಗಳಿಗೂ ಈಗ ಮೂರನೇದು. ಆರು ತಿಂಗಳು. ನಿನ್ನೆ ಆಸ್ಪತ್ರೆಗೆ ಸೇರಿಸಿದೀವಿ. ಹೆರಿಗೆ ಆಗೋವರೆಗೂ ಏಳೋ ಹಾಗಿಲ್ಲ, ನಾನು ಅಲ್ಲೇ ಇರ್ಬೇಕು. ಅಳಿಯನಿಗೆ ಊರೂರು ತಿರುಗೋ ಕೆಲಸ. ಅವಳ ಎರಡು ಮಕ್ಕಳನ್ನ ಎಲ್ಲಿ ಬಿಡೋದು? ನಿನ್ನ ನೆನಪಾಯ್ತು. ಹೋದ ಸಲ ನಿಂಗೆ ಒಂದೇ ಮಗು ನೋಡ್ಕೊಳ್ಳೋಕೆ ಆಗಿರ್ಲಿಲ್ಲ. ಅದಕ್ಕೇ ಮೊದ್ಲು ಕಣ್ಣಾರೆ ನೋಡೋಣ ಅಂತ ಬಂದೆ. ನೀನು ಸೋತು ಸುಣ್ಣವಾಗಿ ಕೂತಿದ್ರೆ ಮಾತೇ ಎತ್ತದೆ ಒಂದು ಲೋಟ ನೀರು ಕುಡಿದು ಹೋಗ್ತಿದ್ದೆ."

ಬೊಂಬೆಯಣ್ಣ ಮಂಚದ ಅಂಚಿನಲ್ಲಿ ಕೂತುಬಿಟ್ಟ.

"ನಾನು ಮೂವತ್ತೊಂದು ವರ್ಷ ವಾರ್ಡ್ ನೋಡಿದೋಳು. ಹೊದಿಕೆ ನೋಡಿ ಮಾರ್ಕ್ಸ್ ಹಾಕಲ್ಲ. ಇವಳ ಬಿ.ಪಿ. ಸರಿ ಇದೆ, ಮಕ್ಕಳ ಮೈ ಶುದ್ಧ ಇದೆ, ಕರೆದ್ರೆ ಬರೋ ನೆರೆಯವರಿದಾರೆ. ಒಬ್ಬರಂತೂ ಕೆಲಸದವಳಾಗೋಕೂ ತಯಾರು. ಬೆಳಗ್ಗಿಂದ ಸಂಜೆವರೆಗೆ ಇಷ್ಟೆಲ್ಲಾ ಮಾಡೋಕೆ ನಿನಗೆ ಶಕ್ತಿ ಇದೆ ಅಂದ್ಮೇಲೆ ಇನ್ನೇನು ಬೇಕು? ನಿನ್ನ ಮನೆಯಷ್ಟು ಅನುಕೂಲವಾಗಿರೋ ಮನೆ ನಮ್ಮ ಬಳಗದಲ್ಲೇ ಇನ್ನೊಂದಿಲ್ಲ." ಅವಳು ಕಿಟಕಿಯ ಬಳಿ ಹೋಗಿ ಕೆಳಗೆ ಕೈ ಬೀಸಿದಳು. "ಅಳಿಯ ಕಾರಲ್ಲಿ ಇಬ್ಬರನ್ನೂ ಹಿಡ್ಕೊಂಡು ಕೂತಿದಾನೆ. ಮೂರೇ ತಿಂಗಳು ಕಣೋ."

ಹೆಂಡತಿ ಈಗ ದಿಂಬು ಬಿಟ್ಟು ಬಾಯಿತುಂಬ ನಗುತ್ತಿದ್ದಳು. "ಹೇಗಿದೆಯೋ ಹಾಗೇ ನೋಡ್ಲಿ ಅಂದಿದ್ದೆ," ಎನ್ನುತ್ತ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ಇದೂ ಒದೀತಿದೆ!" ಮಗಳು ಹಾರಿ ಹೋಗಿ ಅಮ್ಮನ ಹೊಟ್ಟೆಗೆ ಕಿವಿಯಿಟ್ಟಳು. ಮನೆಗೆ ಮಕ್ಕಳು ಬರುತ್ತಾರೆಂದು ತಿಳಿದ ಮಗ ಪಿನ್ನಿನ ಅಂಗಿಯನ್ನು ಕಿತ್ತೆಸೆದು, ಬರಿಮೈಯಲ್ಲಿ ಮೆಟ್ಟಿಲ ಕಡೆ ಓಡಿದ. ಟೈಲರಮ್ಮ ಆಗಲೇ ಹಾಸಿಗೆಗಳ ಲೆಕ್ಕ ಹಾಕುತ್ತಿದ್ದಳು: ನಿಮ್ಮಲ್ಲಿ ಎರಡು, ನನ್ನಲ್ಲಿ ಒಂದು, ಡ್ರೈವರ್ ಮಾಮನ ಮನೆಯಲ್ಲಿ ಮಡಿಚುವ ಮಂಚ.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಆರು ವರ್ಷದ ಹುಡುಗನೊಬ್ಬ ಬಾಗಿಲಲ್ಲೇ ನಿಂತು ಮನೆಯನ್ನು ಅಜ್ಜಿಯಂತೆಯೇ ಬಲಗಡೆಯಿಂದ ನೋಡಲು ಶುರುಮಾಡಿದ. ಅವನ ಹಿಂದಿನಿಂದ ಮೂರು ವರ್ಷದ ಹುಡುಗಿ ನುಗ್ಗಿ ಬಂದಳು. ಎರಡೂ ಕಾಲನ್ನು ಒಂದಕ್ಕೊಂದು ಒತ್ತಿಕೊಂಡಿದ್ದಳು. ಅಲ್ಲಿದ್ದ ದೊಡ್ಡವರನ್ನೆಲ್ಲ ಒಮ್ಮೆ ನೋಡಿ, ಅಮ್ಮನ ಸೋದರಮಾವ ತನಗೆ ಏನಾಗಬೇಕೆಂದು ಕಾರಿನಲ್ಲಿ ಹೇಳಿಸಿಕೊಂಡು ಬಂದಿದ್ದನ್ನು ನೆನಪು ಮಾಡಿಕೊಂಡಳು. ತಲೆಯಲ್ಲಿ ಒಂದು ಬಿಳಿ ಕೂದಲೂ ಇಲ್ಲದ, ಮೂವತ್ತೆಂಟು ವರ್ಷದ ಬೊಂಬೆಯಣ್ಣನ ಪ್ಯಾಂಟು ಹಿಡಿದು ಜಗ್ಗಿದಳು.

"ತಾತಾ, ಬೇಗ! ಬಚ್ಚಲು ಎಲ್ಲಿ?"