ಫ್ಲೆಕ್ಸಿನ ನಡುವಿನ ಮುಖ

ಜಾವೀದನ ಅವತ್ತಿನ ಕಷ್ಟವೆಲ್ಲ ಶುರುವಾದದ್ದು ಒಂದು ಹುಡುಗಿ ಚೆನ್ನಾಗಿ ಹಾಡಿದ್ದರಿಂದ.

ಹುಡುಗಿಯ ಹೆಸರು ರಕ್ಷಾ. ಹಾಲುಮರಡಿಯ ಆಶಾ ಕಾರ್ಯಕರ್ತೆ ಮಮತಾಳ ಮಗಳು. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಹದಿನಾರು ವಾರ ಗಟ್ಟಿಯಾಗಿ ನಿಂತು, ಕೊನೆಗೆ ಎರಡನೇ ಬಹುಮಾನ ಗೆದ್ದಿದ್ದಳು. ಹಾಲುಮರಡಿ ಎಂದರೆ ಹೊನ್ನಾಳಿಗೂ ನ್ಯಾಮತಿಗೂ ನಡುವೆ, ಬಸ್ಸಿನವರು ನಿಲ್ಲಿಸಿದರೆ ಊರು, ನಿಲ್ಲಿಸದಿದ್ದರೆ ರಸ್ತೆಯ ಮೇಲೊಂದು ಉಬ್ಬು ಎನ್ನುವಂಥ ಜಾಗ. ಪಟ್ಟಣ ಪಂಚಾಯ್ತಿ ಆದಮೇಲೂ ಅದಕ್ಕೆ ಪಟ್ಟಣದ ಕಳೆ ಬಂದಿರಲಿಲ್ಲ. ಈಗ ಟೀವಿಯಲ್ಲಿ ಊರಿನ ಹೆಸರು ಹದಿನಾರು ಸಲ ಬಂದಿತ್ತು. ಊರಿಗೆ ಊರೇ ಒಂದು ಅಂಗುಲ ಎತ್ತರವಾಗಿ ನಡೆಯುತ್ತಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಪಂಚಾಯ್ತಿ ಅಧ್ಯಕ್ಷ ರವಿಕುಮಾರ್ ಜಾವೀದನ ಫ್ಲೆಕ್ಸ್ ಅಂಗಡಿಯ ಮುಂದೆ ಬುಲೆಟ್ ನಿಲ್ಲಿಸಿದ. ರಕ್ಷಾ ಸಂಜೆ ನಾಲ್ಕಕ್ಕೆ ಊರಿಗೆ ಬರುತ್ತಾಳೆ, ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಇಪ್ಪತ್ತಡಿಯ ಸ್ವಾಗತದ ಫ್ಲೆಕ್ಸ್ ಇರಬೇಕು ಎಂದ.

"ನಡುಮಧ್ಯೆ ದುಂಡಗೆ ಹುಡುಗಿ ಫೋಟೋ. ಸುತ್ತ ನಾವು. ತಿಳೀತಲ್ಲ?"

ಜಾವೀದನಿಗೆ ತಿಳಿಯಿತು. ತಿಳಿಯದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಅವನ ಅಂಗಡಿಯ ಪರವಾನಗಿ ಮುಗಿದು ಮೂರು ತಿಂಗಳಾಗಿತ್ತು. ಅರ್ಜಿ ಪಂಚಾಯ್ತಿಯ ಮೇಜಿನಿಂದ ಮೇಜಿಗೆ ಹೊಸ ಸೊಸೆಯ ಹಾಗೆ ನಿಧಾನವಾಗಿ ಓಡಾಡಿ, ಕೊನೆಗೆ ಮುಖ್ಯಾಧಿಕಾರಿ ಮೇಡಂ ಅವರ ಮೇಜು ಸೇರಿತ್ತು. ಮೇಡಂ ಹೊಸಬರು, ಕಟ್ಟುನಿಟ್ಟಿನವರು. ಇವತ್ತು ಸಂಜೆ ಸಹಿ ಮಾಡುತ್ತೇನೆ, ಆದರೆ ಹದಿಮೂರು ಸದಸ್ಯರಲ್ಲಿ ಒಬ್ಬರು ತಕರಾರು ಎತ್ತಿದರೂ ಅರ್ಜಿ ಮತ್ತೆ ಮೊದಲ ಮೇಜಿಗೆ, ನಿನ್ನ ಅಂಗಡಿಗೆ ಬೀಗ ಎಂದಿದ್ದರು. ಆದ್ದರಿಂದ ಅವತ್ತೊಂದು ದಿನ ಜಾವೀದ ಊರಿನಲ್ಲಿ ಯಾರಿಗೂ ಇಲ್ಲ ಅನ್ನುವ ಹಾಗಿರಲಿಲ್ಲ. ಅವನ ತಾಯಿ ಹಫೀಜಾ ಕೂಡ ಬೆಳಿಗ್ಗೆ ರೊಟ್ಟಿ ಹಾಕುತ್ತ ಅದನ್ನೇ ಹೇಳಿ ಕಳಿಸಿದ್ದಳು. ಇವತ್ತು ನಾಲಿಗೆ ಮನೆಯಲ್ಲಿ ಬಿಟ್ಟು ಹೋಗು ಮಗನೇ, ತಲೆ ಒಂದಿದ್ದರೆ ಸಾಕು, ಆಡಿಸೋಕೆ ಬರ್ತದೆ ಎಂದು.

ಅವನು ಕಂಪ್ಯೂಟರಿನಲ್ಲಿ ಆಕಾಶನೀಲಿ ಬಣ್ಣ ಬಳಿದು, ನಾಲ್ಕು ಹೂವಿನ ಬಳ್ಳಿ ಬಿಟ್ಟು, ನಡುವೆ ದೊಡ್ಡ ದುಂಡು ಕೊರೆದ. ಕೆಳಗೆ 'ನಮ್ಮೂರ ಹೆಮ್ಮೆಯ ಮಗಳಿಗೆ ತುಂಬುಹೃದಯದ ಸ್ವಾಗತ' ಎಂದು ಬರೆದ. ಫೋಟೋಕ್ಕಾಗಿ ಮಮತಾಳಿಗೆ ಫೋನು ಮಾಡಿದರೆ ಅವಳು ದೊಡ್ಡ ಕಷ್ಟದಲ್ಲಿದ್ದಳು. ಎರಡು ಜಡೆಯ ಫೋಟೋ ಹಾಕಿದರೆ ಮಗಳು ಮನೆಗೇ ಬರುವುದಿಲ್ಲ ಎಂದಿದ್ದಾಳಂತೆ. ನೀಲಿ ಸೀರೆಯದರಲ್ಲಿ ಕಣ್ಣು ಮುಚ್ಚಿದೆಯಂತೆ. ಹಳದಿ ಸೀರೆಯದರಲ್ಲಿ ಪಕ್ಕಕ್ಕೆ ನಿಂತವರ ಮೊಣಕೈ ಇದೆಯಂತೆ. ಹನ್ನೆರಡರೊಳಗೆ ಆರಿಸಿ ಕಳಿಸ್ತೀನಿ ತಮ್ಮಾ ಎಂದಳು.

ಖಾಲಿ ದುಂಡು ಇಟ್ಟುಕೊಂಡು ಸುತ್ತಲಿನ ಅಳತೆ ಕೂರಿಸುವುದು ಆಗುವುದಿಲ್ಲ. ಜಾವೀದ ಅಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ, ಪರವಾನಗಿಯ ಅರ್ಜಿಗೆಂದು ತೆಗೆಸಿಟ್ಟಿದ್ದ ತನ್ನದೇ ಫೋಟೋವನ್ನು ಅದರಲ್ಲಿ ಕೂರಿಸಿದ.

ಪಕ್ಕದ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಸಾವಂತ್ರಮ್ಮ ಅಷ್ಟು ಹೊತ್ತಿಗೆ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು. ಊರಿನ ರಾಜಕೀಯ, ಸಿನಿಮಾದವರ ಮದುವೆ, ದಾವಣಗೆರೆಯ ಟ್ರಾಫಿಕ್ಕು, ಮೂರರ ಮೇಲೂ ಅವಳು ಬೋಂಡಾ ಕರಿಯುತ್ತಲೇ ತೀರ್ಪು ಕೊಡುವವಳು. ಇದು ಯಾಕೆ ನಿನ್ನ ಮುಖ ಎಂದು ಕೇಳಿದಳು. ಜಾಗ ಹಿಡಿಯೋಕೆ ದೊಡ್ಡವ್ವ ಎಂದ ಜಾವೀದ.

"ಬಸ್ಸಿನ ಕಿಟಕ್ಯಾಗೆ ಟವೆಲ್ ಹಾಕಿದಂಗೆ ಅನ್ನು. ನೋಡ್ಕ ಮತ್ತೆ, ಟವೆಲ್ ಹಾಕಿದೋರೇ ಕೊನೀಗೆ ಕುಂತ್ಕಣಾದು."

ಹೀಗೆ ಹೇಳಿ, ಅವಳು ತೀರ್ಪುಗಾರರ ಬಗ್ಗೆ ಮಾತು ತೆಗೆದಳು. ಮೊದಲನೇ ಬಹುಮಾನ ಗೆದ್ದ ಹುಡುಗ ಮೂಗಿನಲ್ಲಿ ಹಾಡುತ್ತಾನೆ, ಅವನಿಗೆ ಯಾರೋ ಮಂತ್ರಿಯ ಕಡೆಯವರ ಕೈ ಇದೆ ಎಂಬುದು ಅವಳ ಖಚಿತ ಅಭಿಪ್ರಾಯ. ರಕ್ಷಾಳ ಗಂಟಲು ಗಟ್ಟಿಯಾದದ್ದು ತನ್ನ ಮೆಣಸಿನಕಾಯಿ ತಿಂದೇ, ಆದ್ದರಿಂದ ಒಂದು ಮೂಲೆಯಲ್ಲಿ ತನ್ನ ಫೋಟೋ ಇರುವುದು ನ್ಯಾಯ ಎಂದೂ ಹೇಳಿದಳು. ಸಾವಂತ್ರಮ್ಮನ ಸೋದರಳಿಯ ಪಂಚಾಯ್ತಿಯ ಆರನೇ ವಾರ್ಡಿನ ಸದಸ್ಯ. ಜಾವೀದ ತಲೆಯಾಡಿಸಿದ.

ಆಮೇಲೆ ಒಬ್ಬೊಬ್ಬರೇ ಬಂದರು. ಉಪಾಧ್ಯಕ್ಷೆ ದುರ್ಗಾಂಬಿಕಾ ಅವರ ಫೋಟೋ ಕಳಿಸಿದ್ದು ಅವರ ಯಜಮಾನರು. ಅದರಲ್ಲಿ ಯಜಮಾನರೇ ತುಂಬಿಕೊಂಡಿದ್ದರು. ದುರ್ಗಾಂಬಿಕಾ ಅವರದು ಎಡಗಡೆಯ ಅಂಚಿನಲ್ಲಿ ಒಂದು ಕಿವಿ, ಒಂದು ಓಲೆ. ಇದನ್ನೇ ಹಾಕು, ಕೆಳಗೆ ಅವಳ ಹೆಸರು ಬರಿ, ಇಬ್ಬರಿಗೂ ಆಗುತ್ತದೆ ಎಂದರು.

ಹನ್ನೊಂದಕ್ಕೆ ಮಾಜಿ ಅಧ್ಯಕ್ಷ ಮರುಳಸಿದ್ದಪ್ಪ ಬಂದರು. ಅವರು ಬರಿಗೈಲಿ ಬರಲಿಲ್ಲ. ಎದುರಿನ ದರ್ಜಿಯ ಕೊರಳಿನ ಟೇಪನ್ನೇ ಕಿತ್ತುಕೊಂಡು ಬಂದಿದ್ದರು. ಅಧ್ಯಕ್ಷನಾಗಿದ್ದಾಗ ಅವರು ಒಂದು ರಸ್ತೆಯನ್ನೂ ಅಳೆಸಿದವರಲ್ಲ. ಈಗ ಕಂಪ್ಯೂಟರಿನ ಪರದೆಗೆ ಟೇಪು ಹಿಡಿದು, ಕನ್ನಡಕ ಮೇಲೆತ್ತಿ, ನಿಧಾನವಾಗಿ ಅಳೆದರು.

"ರವಿಕುಮಾರನ ತಲೆ ಎರಡಿಂಚು ಐತೆ. ನಂದು ಒಂದೂಮುಕ್ಕಾಲು. ಮೂವತ್ತು ವರ್ಷದ ರಾಜಕೀಯ ಕಾಲಿಂಚು ಸಣ್ಣದಾತೇನೋ ಜಾವೀದ?"

ಜಾವೀದ ಅವರ ತಲೆಯನ್ನು ಎರಡು ಇಂಚು ಮಾಡಿದ. ಅವರು ಹೊರಟು ಐದು ನಿಮಿಷಕ್ಕೆ ಸುದ್ದಿ ತಿಳಿದ ರವಿಕುಮಾರನ ಫೋನು ಬಂತು. ಅಧ್ಯಕ್ಷನ ತಲೆ ಎರಡೂಕಾಲು ಆಯಿತು. ಅದು ಮರುಳಸಿದ್ದಪ್ಪನವರಿಗೆ ಗೊತ್ತಾಗಲು ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ತಲೆಗಳೂ ಮೊರದಗಲ ಬೆಳೆದಿದ್ದವು, ಉಳಿದವರದು ಹಪ್ಪಳದಷ್ಟು, ಸಾವಂತ್ರಮ್ಮನದು ಮೂಲೆಯಲ್ಲಿ ಬೋಂಡಾದಷ್ಟು. 'ಹೆಮ್ಮೆಯ ಮಗಳಿಗೆ ಸ್ವಾಗತ' ಇರುವೆಸಾಲಿನ ಹಾಗೆ ಕೆಳಗೆಲ್ಲೋ ಹರಿದಿತ್ತು. ಒಟ್ಟು ಇಪ್ಪತ್ತಾರು ಮುಖ. ಯಾರೂ ನಡುವಿನ ದುಂಡನ್ನು ಕಿರಿದು ಮಾಡು ಅನ್ನಲಿಲ್ಲ. ಅನ್ನಲು ಅದರ ಕಡೆ ಯಾರೂ ನೋಡಿರಲಿಲ್ಲ.

ಮಮತಾಳ ಫೋಟೋ ಬಂದದ್ದು ಒಂದು ಗಂಟೆಗೆ. ಹಸಿರು ಸೀರೆ, ತೆರೆದ ಕಣ್ಣು, ಯಾರ ಮೊಣಕೈಯೂ ಇಲ್ಲ. ಜಾವೀದ ಉಸ್ಸೆಂದು ಅದನ್ನು ಕಂಪ್ಯೂಟರಿಗೆ ಇಳಿಸಲು ಕೈ ಚಾಚಿದ. ಕರೆಂಟು ಹೋಯಿತು.

ಮತ್ತೆ ಬಂದಾಗ ಎರಡು ಮುಕ್ಕಾಲು. ಆ ಹೊತ್ತಿಗೆ ರವಿಕುಮಾರ್ ಒಂದು ಬಾಗಿಲಲ್ಲಿ, ಮರುಳಸಿದ್ದಪ್ಪ ಇನ್ನೊಂದರಲ್ಲಿ ನಿಂತಿದ್ದರು. ಫ್ಲೆಕ್ಸನ್ನು ಸುತ್ತಿದಂತೆಯೇ ಕಂಬಕ್ಕೆ ಕಟ್ಟಿ, ಹುಡುಗಿ ಬಂದಕೂಡಲೇ ಹಗ್ಗ ಎಳೆದು ಬಿಚ್ಚುವುದೆಂದು ಆಗಿತ್ತು. ಹಗ್ಗ ಎಳೆಯುವವರು ಯಾರು ಎಂಬುದು ಆಗಿರಲಿಲ್ಲ. ಇಬ್ಬರೂ ಬಾಗಿಲು ಬಿಟ್ಟು ಒಳಗೆ ಬಂದು, ಜಾವೀದನ ಎರಡು ಕಿವಿಗೆ ಎರಡು ಕಡೆಯಿಂದ ಹೇಳತೊಡಗಿದರು. ಬೇಗ ಬಿಡಪ್ಪಾ, ಮತ್ತೆ ಕರೆಂಟು ಹೋದೀತು ಎಂಬುದೊಂದರಲ್ಲಿ ಮಾತ್ರ ಇಬ್ಬರೂ ಒಂದಾದರು. ಜಾವೀದ ಗಾಬರಿಯಲ್ಲಿ ಯಂತ್ರಕ್ಕೆ ಬಿಟ್ಟ.

ಒಂದು ಅಂಚಿನಿಂದ ಮುಖಗಳು ಇಂಚಿಂಚಾಗಿ ಹೊರಗೆ ಬಂದವು. ಮೊದಲು ರವಿಕುಮಾರನ ಮುಖ ಬಂತು, ರವಿಕುಮಾರ್ ಅದನ್ನು ಮಗುವಿನ ಮುಖ ನೋಡುವಂತೆ ಬಗ್ಗಿ ನೋಡಿದ. ನಡುವಿನ ಭಾಗ ಬರುವ ಹೊತ್ತಿಗೆ ಇಬ್ಬರೂ ಜಾವೀದನನ್ನು ರಸ್ತೆಗೆ ಎಳೆದೊಯ್ದು, ಎರಡು ಹಗ್ಗ ಕಟ್ಟಿದರೆ ಹೇಗೆ ಎಂದು ಕೇಳುತ್ತಿದ್ದರು. ಅವನು ಓಡಿ ಬಂದಾಗ ಕೊನೆಯಲ್ಲಿ ಮರುಳಸಿದ್ದಪ್ಪನವರ ಮೀಸೆ ಹೊರಬರುತ್ತಿತ್ತು. ಇಂಕು ಆರಿತೋ ಇಲ್ಲವೋ, ಸುತ್ತಿ ಹೆಗಲಿಗೇರಿಸಿದ.

ನಾಲ್ಕು ಗಂಟೆಗೆ ಸರ್ಕಲ್ಲಿನಲ್ಲಿ ಜನವೋ ಜನ. ಡೊಳ್ಳು, ಪಟಾಕಿ. ಮುಖ್ಯಾಧಿಕಾರಿ ಮೇಡಂ ಕಂಕುಳಲ್ಲಿ ಫೈಲು ಹಿಡಿದು ಒಂದು ಬದಿಗೆ ನಿಂತಿದ್ದರು. ಫೈಲು ಕಂಡೊಡನೆ ಜಾವೀದನ ಎದೆ ಹಗುರಾಯಿತು. ಯಾರೂ ತಕರಾರು ಎತ್ತಿರಲಿಲ್ಲ. ಇನ್ನು ಕಾಲು ಗಂಟೆ ಕಳೆದರೆ ಸಹಿ.

ಕಾರು ಬಂತು. ರವಿಕುಮಾರ್ ಒಂದು ಹಗ್ಗ, ಮರುಳಸಿದ್ದಪ್ಪ ಒಂದು ಹಗ್ಗ ಎಳೆದರು. ಫ್ಲೆಕ್ಸು ಪಟಪಟನೆ ಇಳಿಯಿತು.

ನಡುವೆ ಜಾವೀದ.

ಎಂಟಡಿ ಅಗಲದ ದುಂಡಿನಲ್ಲಿ, ಪೊಲೀಸರು ನಿಲ್ಲಿಸಿ ಹೆಸರು ಕೇಳಿದಾಗ ಮಾಡುವ ಮುಖ ಮಾಡಿಕೊಂಡು, ಸುತ್ತ ಹೂಬಳ್ಳಿ ಬಿಟ್ಟುಕೊಂಡು, ಊರಿಗೆ ಊರನ್ನೇ ನೋಡುತ್ತಿದ್ದ. ಕೆಳಗಿದ್ದ ಜಾವೀದ ಡೊಳ್ಳಿನವನ ಹಿಂದೆ ಸರಿದು ನಿಂತ.

ಆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇಪ್ಪತ್ತಾರು ಮಂದಿಯೂ ಮೊದಲು ತಮ್ಮ ತಮ್ಮ ಮುಖ ಹುಡುಕಿದರು, ಸಿಕ್ಕಿದ್ದನ್ನು ಮೊಬೈಲಿನಲ್ಲಿ ಹಿಡಿದರು, ಮನೆಯವರಿಗೆ ಕಳಿಸಿದರು. ರವಿಕುಮಾರ್ ಮರುಳಸಿದ್ದಪ್ಪನವರ ತಲೆ ನೋಡಿದ, ಮರುಳಸಿದ್ದಪ್ಪ ರವಿಕುಮಾರನ ತಲೆ ನೋಡಿದರು. ಸರಿಸಮ ಇತ್ತು. ಇಬ್ಬರೂ ತೃಪ್ತರಾದರು. ಸಾವಂತ್ರಮ್ಮ ಮೂಲೆಯ ಬೋಂಡಾದಲ್ಲಿ ತನ್ನ ಮೂಗುತಿ ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿದ್ದಳು. ಅಧ್ಯಕ್ಷ ಮೈಕು ಹಿಡಿದು, ಈ ಫ್ಲೆಕ್ಸಿನಲ್ಲಿ ಕಂಗೊಳಿಸುತ್ತಿರುವ ನಮ್ಮೂರ ಕೋಗಿಲೆ ಎಂದು ಭಾಷಣ ಶುರುಮಾಡಿಯೇಬಿಟ್ಟ. ಸವಳಂಗದ ಬಸ್ಸಿನಿಂದ ಆಗತಾನೆ ಇಳಿದ ಒಬ್ಬ ಹೆಂಗಸು ಫ್ಲೆಕ್ಸನ್ನೂ ಜಾವೀದನನ್ನೂ ಎರಡೆರಡು ಸಲ ನೋಡಿ, ಮಡಿಲಿನಿಂದ ಒಂದು ಸೇವಂತಿಗೆ ತೆಗೆದು ಅವನ ಕೈಗಿತ್ತು, ಭಾಳ ಚೆನ್ನಾಗಿ ಹಾಡಿದಿ ಕಣಪ್ಪ ಎಂದು ಹೋದಳು.

ಕಂಡುಹಿಡಿದವಳು ರಕ್ಷಾ. ಕಾರಿನಿಂದ ಇಳಿದು ತಲೆಯೆತ್ತಿ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಪಕ್ಕದಲ್ಲಿದ್ದ ಮಮತಾ ನಗಲಿಲ್ಲ. ಬೆಳಿಗ್ಗೆಯೆಲ್ಲ ಕೂತು ಫೋಟೋ ಆರಿಸಿದೆನಲ್ಲೋ ಎಂದು ಅವಳಿಗೆ ಅಳುವೇ ಬಂತು. ಆಗ ಉಳಿದವರೂ ನಡುವಿನ ಕಡೆ ನೋಡಿದರು. ಡೊಳ್ಳು ನಿಂತಿತು.

ಜಾವೀದ ಹುಡುಗಿಯ ಮುಂದೆ ಕೈಮುಗಿದು ನಿಂತ. ತಪ್ಪಾತು ತಂಗೀ ಎನ್ನುವಷ್ಟರಲ್ಲಿ ಅವಳೇ ತಡೆದಳು.

"ಇರ್ಲಿ ಬಿಡಿ ಜಾವೀದಣ್ಣ. ಹದಿನಾರು ವಾರ ನನ್ನ ಮುಖ ನೋಡಿ ನಂಗೇ ಸಾಕಾಗಿತ್ತು. ನಿಮ್ದು ಹೊಸದಾಗೈತೆ."

ಅವಳು ಫ್ಲೆಕ್ಸಿನ ಕೆಳಗೆ ಅವನನ್ನೂ ನಿಲ್ಲಿಸಿಕೊಂಡು ಒಂದು ಸೆಲ್ಫಿ ತೆಗೆದುಕೊಂಡಳು. ಅವಳೇ ನಕ್ಕಮೇಲೆ ಯಾರು ಸಿಟ್ಟಾಗುತ್ತಾರೆ? ಜನವೂ ನಕ್ಕಿತು, ಮಮತಾಳೂ ಕಣ್ಣೊರೆಸಿಕೊಂಡು ನಕ್ಕಳು, ಡೊಳ್ಳು ಮತ್ತೆ ಶುರುವಾಯಿತು. ಅಲ್ಲಾಹು ದೊಡ್ಡವನು ಎಂದುಕೊಂಡು ಜಾವೀದ ಮೇಡಂ ಅವರ ಕಡೆ ನಡೆದ.

ಮೇಡಂ ಫೈಲು ಬಿಚ್ಚಿರಲಿಲ್ಲ. ಅವರು ಫ್ಲೆಕ್ಸನ್ನೇ ನೋಡುತ್ತಿದ್ದರು. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಲು ಯಾರ ಹೆಸರಿನಲ್ಲಿ ಅನುಮತಿ ತೆಗೆದುಕೊಂಡಿದ್ದೀರಿ ಎಂದು ತಣ್ಣಗೆ ಕೇಳಿದರು. ಯಾರೂ ತೆಗೆದುಕೊಂಡಿರಲಿಲ್ಲ. ಹಾಗಾದರೆ ಕಟ್ಟಿಸಿದವರು ಯಾರು ಎಂದರು. ರವಿಕುಮಾರ್ ನಾನು ಬರೀ ಹಗ್ಗ ಎಳೆದವನು ಎಂದ. ಅವನು ಎಳೆದ ಅಂತ ನಾನೂ ಎಳೆದೆ ಎಂದರು ಮರುಳಸಿದ್ದಪ್ಪ. ದುರ್ಗಾಂಬಿಕಾ ಅವರ ಯಜಮಾನರು, ಅದರಲ್ಲಿ ಹೆಸರು ನನ್ನ ಹೆಂಡತಿಯದು ಎಂದರು. ಪಕ್ಕದಲ್ಲೇ ಇದ್ದ ದುರ್ಗಾಂಬಿಕಾ, ಮುಖ ಯಾರದು ನೋಡ್ಕಳ್ರಿ ಎಂದು ಅವತ್ತಿನ ಮೊದಲ ಮಾತಾಡಿದರು. ಅಧ್ಯಕ್ಷನ ಹೆಸರು ಹೇಳಿದರೆ ತಕರಾರು ಎದ್ದೀತೆಂದು ಜಾವೀದ ಎಲ್ಲದಕ್ಕೂ ತಲೆಯನ್ನಷ್ಟೇ ಆಡಿಸಿದ.

"ಜಗಳ ಬ್ಯಾಡ್ರೀ," ಎಂದರು ಮೇಡಂ. "ಹೋದ ತಿಂಗಳ ಸಭೆಯಲ್ಲಿ ನೀವೇ ಠರಾವು ಮಾಡೀರಿ. ಕಟ್ಟಿಸಿದವರು ಯಾರಂತ ಗೊತ್ತಾಗದಿದ್ರೆ, ಫ್ಲೆಕ್ಸ್‌ನಾಗೆ ಯಾರ ಮುಖ ಎಲ್ಲಕ್ಕಿಂತ ದೊಡ್ಡದೈತೋ ಅವರ ಮೇಲೆ ಕೇಸು."

ಓದದೆ ಕೈಯೆತ್ತಿದ್ದ ಹದಿಮೂರು ಸದಸ್ಯರೂ ಒಟ್ಟಿಗೆ ಫ್ಲೆಕ್ಸಿನ ಕಡೆ ತಿರುಗಿದರು. ಆಮೇಲೆ ಮರುಳಸಿದ್ದಪ್ಪ ಜೇಬಿನಿಂದ ಟೇಪು ತೆಗೆದು, ನನ್ನ ತಲೆ ಮೊದಲಿಂದಲೂ ಸಣ್ಣದು, ಬೇಕಾದರೆ ಅಳೆಯಿರಿ ಎಂದರು. ರವಿಕುಮಾರ್, ನಿಮ್ಮದಕ್ಕಿಂತ ನನ್ನದು ಸಣ್ಣದು ಎಂದು ಜಗಳಕ್ಕೆ ನಿಂತ. ಅಳೆಯುವ ಅಗತ್ಯವೇ ಇರಲಿಲ್ಲ. ಎಂಟಡಿಯ ಮುಖ ಎಂಟಡಿಯ ದುಂಡಿನಲ್ಲಿ ಯಾರಿಗೂ ಸಂಶಯ ಬರದ ಹಾಗೆ ಕೂತಿತ್ತು.

ಮೇಡಂ ಕೆಟ್ಟವರಲ್ಲ. ನೋಟಿಸಿನ ಮೇಲೆ ಜಾವೀದನ ಹೆಸರು ಬರೆಯುವಾಗ ಅವರ ಕೈಯೂ ಸ್ವಲ್ಪ ತಡೆಯಿತು. ಕೇಸು ಇರುವವರಿಗೆ ಪರವಾನಗಿ ಕೊಡಲು ಬರುವುದಿಲ್ಲ, ಇದು ಇತ್ಯರ್ಥ ಆದಮೇಲೆ ಬಾಪ್ಪಾ ಎಂದು ಹೇಳಿ, ಅಂಗಡಿಯ ಬೀಗಕ್ಕೆ ಸೋಮವಾರದವರೆಗೆ ಗಡುವು ಕೊಟ್ಟು ಹೋದರು.

ಜಾವೀದ ಅಂಗಡಿಗೆ ಬಂದು, ಯಂತ್ರಕ್ಕೆ ಬಟ್ಟೆ ಹೊದಿಸಿ, ಸೇವಂತಿಗೆ ಹಿಡಿದುಕೊಂಡು ಕೂತ. ಸಾವಂತ್ರಮ್ಮ ಮಾತಿಲ್ಲದೆ ಒಂದು ತಟ್ಟೆ ಮಂಡಕ್ಕಿ, ಎರಡು ಮೆಣಸಿನಕಾಯಿ ತಂದಿಟ್ಟಳು. ಅವಳು ಮಾತಾಡದೆ ಇದ್ದದ್ದನ್ನು ಊರು ಅದೇ ಮೊದಲ ಸಲ ಕಂಡದ್ದು.

ಅಷ್ಟರಲ್ಲಿ ರವಿಕುಮಾರ್ ಮತ್ತು ಮರುಳಸಿದ್ದಪ್ಪ ಒಂದೇ ಬುಲೆಟ್ಟಿನಲ್ಲಿ ಬಂದು ಇಳಿದರು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡಿದ್ದರು. ಜಾವೀದನ ಕಣ್ಣು ತುಂಬಿ ಬಂತು. ಬಡವನಿಗಾಗಿ ಊರು ಒಂದಾಯಿತಲ್ಲ ಎಂದುಕೊಂಡ.

ಮರುಳಸಿದ್ದಪ್ಪ ಅವನ ಬೆನ್ನು ಸವರಿದರು. ಒಬ್ಬ ದುಡಿಯುವ ಹುಡುಗನಿಗೆ ಅಧಿಕಾರಿಗಳು ಹಿಂಗೆ ಅನ್ಯಾಯ ಮಾಡುವುದೇ ಎಂದರು. ಇದನ್ನು ನಾವು ಸುಮ್ಮನೆ ಬಿಡುವುದಿಲ್ಲ, ನಾಳೆ ಇದೇ ಸರ್ಕಲ್ಲಿನಲ್ಲಿ ಖಂಡನಾ ಸಭೆ, ಸದಸ್ಯರೆಲ್ಲ ಬರುತ್ತಾರೆ ಎಂದ ರವಿಕುಮಾರ್. ಅದಕ್ಕೆ ಬೆಳಿಗ್ಗೆಯೊಳಗೆ ಒಂದು ಫ್ಲೆಕ್ಸ್ ಆಗಬೇಕು, 'ಜಾವೀದನಿಗೆ ನ್ಯಾಯ ಬೇಕು' ಅಂತ.

"ನಡುಮಧ್ಯೆ ನಿಂದೇ ಫೋಟೋ ಹಾಕು, ದೊಡ್ಡದಾಗಿ," ಎಂದರು ಮರುಳಸಿದ್ದಪ್ಪ. "ನಮ್ಮವು ಗುಂಡುಸೂಜಿ ತಲೆಯಷ್ಟಿದ್ರೂ ನಡೀತೈತೆ."

ಜಾವೀದ ಮುಖ ಎತ್ತಿ ಇಬ್ಬರನ್ನೂ ನೋಡಿದ.

"ಈ ಸಲ ಅನುಮತಿ ತಗಂಡೀರೇನಣ್ಣ?"

"ತಗಂಡಿದ್ರೆ," ಎಂದ ರವಿಕುಮಾರ್, "ನಿನ್ನ ಫೋಟೋ ಯಾಕೋ ದೊಡ್ಡದಾಗಿ ಹಾಕಿಸ್ತಿದ್ವಿ?"