ಅಂಜುಬುರುಕ ಸೈಕಲ್ಲು

“ಮನಷ್ಯಾ ಸುಳ್ಳು ಹೇಳತಾನ. ಪೇಪರ್ ಸುಳ್ಳು ಹೇಳತೈತಿ. ನಿಮ್ಮ ಕಾಕು ಅಂತೂ ದಿನಾ ಹೇಳತಾಳ. ಆದ್ರ ಲೋಹ ಸುಳ್ಳು ಹೇಳೂದಿಲ್ಲ!” ಎಂದು ಘೋಷಿಸಿ ಶಿವಯೋಗೆಪ್ಪ ಕಾಕಾ ಮೇಜಿನ ಮೇಲೆ ಹೊದಿಸಿದ್ದ ಹಳೇ ಧೋತರವನ್ನು ಸರಕ್ಕನೆ ಎಳೆದರು.

ಧೋತರದ ಅಡಿಯಿಂದ ಒಂದು ರೇಡಿಯೋ ಡಬ್ಬಿ ಹೊರಬಿತ್ತು. ಅದರ ನೆತ್ತಿಯ ಮೇಲೆ ಮಿಕ್ಸರಿನ ಮೋಟರು. ಪಕ್ಕೆಯಿಂದ ಎರಡು ಉದ್ದನೆಯ ವಾಯರು, ವಾಯರಿನ ತುದಿಗೆ ಮೊಸಳೆ ಬಾಯಿಯಂಥ ಕ್ಲಿಪ್ಪು. ಲೋಹಕ್ಕೆ ಆ ಕ್ಲಿಪ್ಪು ಕಚ್ಚಿಸಿದರೆ, ಲೋಹ ತನ್ನ ಮೇಲೆ ನಡೆದದ್ದನ್ನೆಲ್ಲ ಬಾಯಿಬಿಡುತ್ತದಂತೆ!

ಕಸ್ತೂರಿ ನಿಂತಲ್ಲಿ ನಿಲ್ಲಲಾರದೆ ಕಾಕಾನ ಅಂಗಳದಲ್ಲಿ ಅಡ್ಡಾಡುತ್ತಿದ್ದಳು. ಡಂಬಳದ ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಟೀಚರು. ಒಂದು ಸೀಟಿ ಊದಿದರೆ ಇಡೀ ಶಾಲೆ ಸಾಲುಗಟ್ಟಿ ನಿಲ್ಲುತ್ತಿತ್ತು. ಅವಳ ಮನಸ್ಸು ಮಾತ್ರ ವಾರದಿಂದ ಸಾಲಿಗೆ ಬಂದಿರಲಿಲ್ಲ. ಬೆಳಿಗ್ಗೆ ‘ಹೊಸದೇ ಸೈ’ ಅನ್ನುವಳು, ಹಲ್ಲುಜ್ಜುವಷ್ಟರಲ್ಲಿ ‘ಛೇ, ಹಳೆಯದೇ ವಾಸಿ’ ಅನ್ನುವಳು.

ಬೇವಿನ ಗಿಡಕ್ಕೆ ಒರಗಿದ್ದ ಎರಡು ಸೈಕಲ್ಲುಗಳೇ ಇದಕ್ಕೆಲ್ಲ ಕಾರಣ. ಎರಡೂ ಗುಡ್ಡ ಹತ್ತಿಳಿಯುವ ಸೈಕಲ್ಲು, ಎರಡಕ್ಕೂ ಹಿಂದೆ ಮುಂದೆ ಕುಲುಕಾಟ ನುಂಗುವ ಸಸ್ಪೆನ್ಶನ್. ಹಸಿರು ಬಣ್ಣದ್ದು ಹುಬ್ಬಳ್ಳಿಯ ಅಂಗಡಿಯವರು ಓಡಿಸಿ ನೋಡಲೆಂದು ಕೊಟ್ಟ ಹೊಚ್ಚ ಹೊಸದು. ಕೆಂಪು ಬಣ್ಣದ್ದು ಹಲ್ಲಿನ ಡಾಕ್ಟರು ಕುರಡಗಿಯವರು ಮಾರಲಿಟ್ಟ ಹಳೆಯದು. ಬೆಲೆ ಎರಡಕ್ಕೂ ಒಂದೇ. ಹೊಸದಕ್ಕೆ ಗ್ಯಾರಂಟಿ ಉಂಟು, ಆದರೆ ಸಸ್ಪೆನ್ಶನ್ ಸಾಧಾರಣ. ಹಳೆಯದರ ಸಸ್ಪೆನ್ಶನ್ ಬೆಣ್ಣೆಯಂಥದು, ಆದರೆ ಅದು ಎಲ್ಲೆಲ್ಲಿ ಬಿದ್ದು ಎದ್ದು ಬಂದಿದೆಯೋ ಬಲ್ಲವರಾರು? ‘ಭಾಳ ಕಡಿಮಿ ಓಡಿಸೇನ್ರಿ’ ಎಂದು ಡಾಕ್ಟರು ಹೇಳಿದ್ದರು. ಮಾರುವವರೆಲ್ಲ ಹಾಗೆಯೇ ಹೇಳುತ್ತಾರೆ!

ಬರುವ ಭಾನುವಾರ ಗದಗಿನ ಸೈಕಲ್ ತಂಡದ ಜೊತೆ ಕಪ್ಪತಗುಡ್ಡದ ಕಾಲುದಾರಿಯಲ್ಲಿ ಇಳಿಯುತ್ತೇನೆಂದು ಕಸ್ತೂರಿ ಹೆಸರು ಕೊಟ್ಟಿದ್ದಳು. ಶಾಲೆಯ ಹುಡುಗಿಯರು ಚಪ್ಪಾಳೆ ತಟ್ಟಲು ಬರುವವರಿದ್ದರು. ಹೋದ ವರ್ಷವೂ ಅವಳು ಹೆಸರು ಕೊಟ್ಟಿದ್ದಳು. ಗುಡ್ಡದ ತುದಿಯಲ್ಲಿ ಅಂಜಿ, ಬಾಡಿಗೆ ಸೈಕಲ್ಲನ್ನು ತಳ್ಳಿಕೊಂಡು ನಡೆದೇ ಇಳಿದಿದ್ದಳು. ಈ ಸಲವೂ ಹಾಗಾದರೆ ಮೈದಾನದಲ್ಲಿ ಸೀಟಿ ಊದಲು ಯಾವ ಮುಖ?

“ಮೊದಲ ಸಣ್ಣದೊಂದು ಪ್ರಯೋಗ!” ಎಂದು ಕಾಕಾ ಅಡುಗೆಮನೆಯಿಂದ ರೊಟ್ಟಿ ಹಂಚು ತಂದು ಕ್ಲಿಪ್ಪು ಕಚ್ಚಿಸಿದರು. ಮೋಟರು ಗರ್ರೆಂದಿತು. ಡಬ್ಬಿಯೊಳಗಿಂದ ಥೇಟು ಇಂದಿರಾಕಾಕುವಿನ ದನಿ ಬಂತು!

“ಇದ್ಯಾಕ ನನ್ನ ದನಿ?” ಕಾಕು ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಯಂತ್ರಕ್ಕ ಮಾತು ಕಲಸಾಕ ರಾಶಿ ಮಾತು ಬೇಕಿತ್ತು. ನಮ್ಮನ್ಯಾಗ ಅಷ್ಟು ಸ್ಟಾಕ್ ಇದ್ದದ್ದು ನಿಂದೊಬ್ಬಾಕಿದ!”

ಅಷ್ಟರಲ್ಲಿ ಹಂಚು ಮಾತಾಡತೊಡಗಿತ್ತು. “ರೊಟ್ಟಿ... ರೊಟ್ಟಿ... ರೊಟ್ಟಿ... ಶ್ರಾವಣದಾಗ ಮನಿಯಾಕಿ ತವರಿಗೆ ಹೋದಾಗ ಕೋಳಿ ತತ್ತಿ. ಮರುದಿನ ಮತ್ತ ತತ್ತಿ...”

“ಶ್ರಾವಣದಾಗ! ನನ್ನ ಹಂಚಿನ ಮ್ಯಾಲೆ ತತ್ತಿ!”

“ಪ್ರಯೋಗ ಯಶಸ್ವಿ!” ಎಂದು ಕಾಕಾ ಗಡಬಡಿಸಿ ಕ್ಲಿಪ್ಪು ಕಿತ್ತರು.

ಆಮೇಲೆ ಕೆಂಪು ಸೈಕಲ್ಲಿನ ಸರದಿ. “ಅಯ್ಯ, ನನ್ನ ಸುದ್ದಿ ಏನ ಕೇಳತೀರಿ!” ಎಂದು ಅದು ಕಾಕುವಿನ ದನಿಯಲ್ಲಿ ಗೋಳು ತೆಗೆಯಿತು. “ಡಾಕ್ಟರು ಏರಿನ್ಯಾಗ ಫೋಟೋ ತಗೀತಾರ, ಇಳಕಲಿನ್ಯಾಗ ಕಣ್ಣ ಮುಚ್ಚತಾರ! ಗುಡ್ಡದಾಗ ಆನಿಬಂಡಿ ಕಲ್ಲಿನ ಹತ್ರ ಬಿದ್ದಿವಿ. ಎದ್ದ ಕೂಡಲೆ ಮತ್ತ ಅಲ್ಲೇ ಬಿದ್ದಿವಿ. ಹಿಂದಿನ ಬೇರಿಂಗು ಕರಕರ ಅಂತಾವ. ಚೌಕಟ್ಟು ಗಟ್ಟಿ ಐತಿ, ಎದಿ ಗಟ್ಟಿ ಇಲ್ಲ. ಕಲ್ಲು ಕಂಡ್ರ ಜೀವ ಝಲ್ ಅಂತೈತಿ!”

ಹಸಿರು ಸೈಕಲ್ಲಿಗೆ ಕ್ಲಿಪ್ಪು ಹಚ್ಚಿದರೆ ಮೋಟರು ಬರೀ ಗರಗರ ತಿರುಗಿತು. ಕಡೆಗೊಮ್ಮೆ, “ನಾ ಎಲ್ಲಿದೇನಿ?” ಎಂದಿತು.

ಕಸ್ತೂರಿಗೆ ರೇಗಿತು. “ಒಂದಕ್ಕ ಬರೇ ಅಳು, ಇನ್ನೊಂದಕ್ಕ ಊರ ಯಾವುದಂತ ಗೊತ್ತಿಲ್ಲ. ಇದರಾಗ ನಾ ಏನ ಆರಿಸಲಿ ಕಾಕಾ? ಸಂಜಿಗೆ ಒಂದು ವಾಪಸ್ ಕೊಡಬೇಕು!”

“ತಡಿ, ಎರಡಕ್ಕೂ ಕೂಡೇ ಹಚ್ಚೂಣು. ಎದುರಾಬದುರಾ ಮಾತಾಡಲಿ.”

“ಬ್ಯಾಡ್ರಿ,” ಎಂದಳು ಕಾಕು. “ನೀವು ಎರಡನ್ನ ಕೂಡಿಸಿದ್ದು ಯಾವತ್ತೂ ನೆಟ್ಟಗಾಗಿಲ್ಲ.”

ಕಾಕಾ ಕೇಳುವ ಪೈಕಿಯೇ? ಒಂದು ಕ್ಲಿಪ್ಪು ಕೆಂಪಿಗೆ, ಒಂದು ಹಸಿರಿಗೆ. ಮೋಟರು ಕೂಗಿತು, ಡಬ್ಬಿ ಕುಣಿಯಿತು, ವಾಯರು ಹಾವಿನಂತೆ ಹೊರಳಿತು. ಕೆಂಪು ಸೈಕಲ್ಲು ನಿಟ್ಟುಸಿರಿಟ್ಟ ಹಾಗೆ ‘ಉಸ್ಸ್’ ಎಂದು ಸಸ್ಪೆನ್ಶನ್ ಇಳಿಸಿತು. ಹಸಿರು ಸೈಕಲ್ಲು ಗಡಗಡ ನಡುಗಿತು.

“ಅಯ್ಯ, ನನ್ನ ಸುದ್ದಿ ಏನ ಕೇಳತೀರಿ!” ಎಂದಿತು ಹಸಿರು.

“ನಾ ಎಲ್ಲಿದೇನಿ?” ಎಂದಿತು ಕೆಂಪು.

ಹಳೆಯದರ ನೆನಪೆಲ್ಲ ಸುರಿದುಹೋಗಿ ಹೊಸದರೊಳಗೆ ತುಂಬಿತ್ತು!

ಕಾಕು ಹಣೆ ಹಣೆ ಬಡಿದುಕೊಂಡಳು. ಕಾಕಾ ಮಾತ್ರ, “ಇದು ಇನ್ನೂ ದೊಡ್ಡ ಶೋಧ!” ಎಂದು ಹಿಗ್ಗಿದರು. ಕಸ್ತೂರಿ ಗಾಬರಿಯಿಂದ ಕ್ಲಿಪ್ಪು ಕಿತ್ತೆಸೆದು, ಹೊಸ ಸೈಕಲ್ಲಿಗೆ ಏನಾಯಿತೋ ನೋಡೋಣವೆಂದು ಅದನ್ನು ಹತ್ತಿದಳು. ಪೆಡಲಿನ ಮೇಲೆ ಕಾಲಿಟ್ಟಿದ್ದೇ ತಡ, ಅದು ಗೇಟು ದಾಟಿ ಓಡಿತು!

ಹಾದಿಯಲ್ಲಿ ಒಂದು ಉದ್ದಿನಕಾಳಿನಷ್ಟು ಹರಳು ಕಂಡರೂ ಸೈಕಲ್ಲು ತಾನಾಗಿ ಬ್ರೇಕು ಹಿಡಿಯುತ್ತಿತ್ತು. ಸ್ಪೀಡ್ ಬ್ರೇಕರ್ ಕಂಡು ಪಕ್ಕದ ತಿಪ್ಪೆ ಹತ್ತಿತು. ಕಸ್ತೂರಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಎಳೆಯಿತು. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದವರು, “ಟೀಚರ್, ಎತ್ತಾಗ ಹೊಂಟೀರಿ?” ಎಂದು ಕೂಗಿದರು.

“ನನಗೇನ ಗೊತ್ರೀ! ಇದನ್ನ ಕೇಳ್ರಿ!”

ಸೈಕಲ್ಲು ತನಗೆ ಗೊತ್ತಿದ್ದ ಒಂದೇ ಹಾದಿ ಹಿಡಿದಿತ್ತು. ಊರು ಮುಗಿಯಿತು, ಹೊಲ ಮುಗಿಯಿತು, ಗುಡ್ಡದ ಏರು ಶುರುವಾಯಿತು. ಏರು ಮುಗಿದು ಕಾಲುದಾರಿ ಇಳಿಜಾರಾದ ಕಡೆ, ಆನೆ ಮಲಗಿದಂಥ ಕರಿ ಬಂಡೆಯ, ಅದೇ ಆನಿಬಂಡಿಯ, ಮುಂದೆ ಅದು ಗಕ್ಕನೆ ನಿಂತಿತು. ಮುಂದಿನ ಫೋರ್ಕು ತಟತಟನೆ ನಡುಗುತ್ತಿತ್ತು.

ಹೋದ ವರ್ಷ ಕಸ್ತೂರಿ ಇಳಿದು ನಡೆದದ್ದು ಇದೇ ತಿರುವಿನಲ್ಲಿ. ಅವಳ ಕಾಲೂ ನಡುಗುತ್ತಿತ್ತು. ಯಾರ ನಡುಕ ಯಾರಿಗೆ ಹತ್ತುತ್ತಿದೆಯೆಂದೇ ತಿಳಿಯಲಿಲ್ಲ. ಒಂದು ಕ್ಷಣ ಅವಳಿಗೆ ಅಳು ಬಂತು, ಮರುಕ್ಷಣ ನಗು ಬಂತು.

“ನೀನೂ ಇಲ್ಲೇ ಅಂಜೀ ಏನು?” ಎಂದು ಹ್ಯಾಂಡಲ್ ನೇವರಿಸಿದಳು. “ನನಗೂ ಇಲ್ಲೇ ಅಂಜಿಕಿ. ಕೇಳಿಲ್ಲೆ, ಬಂಡಿ ಮ್ಯಾಲಿಂದ ಬ್ಯಾಡ. ಬಲಕ್ಕ ಮಣ್ಣಿನ ದಾರಿ ಐತಿ. ಡಾಕ್ಟರು ಕಣ್ಣ ಮುಚ್ಚಿದ್ರು, ನಾ ಮುಚ್ಚೂದಿಲ್ಲ.”

ಅವಳು ಇಳಿದು ಹಾದಿಯನ್ನು ಒಮ್ಮೆ ನಡೆದು ನೋಡಿದಳು. ಮತ್ತೆ ಹತ್ತಿದಳು. ಬ್ರೇಕಿನ ಮೇಲೆ ಬೆರಳಿಟ್ಟು, ಮೈಯನ್ನು ಹಿಂದಕ್ಕೆ ವಾಲಿಸಿ, ಮೆಲ್ಲಗೆ ಬಿಟ್ಟಳು. ಸೈಕಲ್ಲು ಕಲ್ಲಿಗೊಮ್ಮೆ ಬೆಚ್ಚಿತು. ಬೆಚ್ಚಿದಾಗಲೆಲ್ಲ ಅವಳು, “ಐತಿ, ಐತಿ, ನಾ ನೋಡೇನಿ” ಅಂದಳು. ಬಂಡೆ ಹಿಂದಾಯಿತು! ಅದರಾಚೆಯ ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿಯಿತು, ಕಣ್ಣಲ್ಲಿ ನೀರು ಬಂತು, ಬಾಯಿಂದ ಸೀಟಿಯಂಥ ಕೂಗು ಹೊರಟಿತು.

ಅದೇ ಹೊತ್ತಿಗೆ ಮೇಲಿನಿಂದ, “ನಿಲ್ಲಸ್ರೋ! ಯಾರರ ನಿಲ್ಲಸ್ರೋ!” ಎಂಬ ಆರ್ತನಾದ. ಕಸ್ತೂರಿಯನ್ನು ಹುಡುಕಿಕೊಂಡು ಕೆಂಪು ಸೈಕಲ್ಲು ಹತ್ತಿ ಬಂದಿದ್ದ ಕಾಕಾ! ನೆನಪು ಕಳಕೊಂಡ ಅದಕ್ಕೆ ಈಗ ಭಯವೆಂಬುದೇ ಇರಲಿಲ್ಲ. ಎಳೆಗರುವಿನ ಹಾಗೆ ಕಲ್ಲು ಕಂಡಲ್ಲೆಲ್ಲ ಛಂಗನೆ ಜಿಗಿಯುತ್ತಿತ್ತು. ಕಾಕಾ ಸೀಟಿನಲ್ಲಿ ಇದ್ದದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಕಡೆಗೆ ಒಂದು ತಂಗಟೆ ಪೊದೆ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡಿತು.

ಸಂಜೆ ಡಾಕ್ಟರು ಕುರಡಗಿ ತೀರ್ಮಾನ ಕೇಳಲು ಬಂದರು. ಕೆಂಪು ಸೈಕಲ್ಲು ಅಂಗಳದಲ್ಲಿ ತಾನಾಗಿ ಮೇಲೆ ಕೆಳಗೆ ಪುಟಿಯುತ್ತಿತ್ತು. ಡಾಕ್ಟರು ಸುಮ್ಮನೆ ಹತ್ತಿ ಒಂದು ಸುತ್ತು ಹಾಕಿದರು, ಆಮೇಲೆ ಮತ್ತೊಂದು ಸುತ್ತು.

“ಟೀಚರ್, ತಪ್ಪ ತಿಳಕೋಬ್ಯಾಡ್ರಿ. ಇದನ್ನ ನೋಡಿದಾಗೆಲ್ಲ, ನೀ ನನ್ನ ಕೆಡವಿದಿ ಅಂತ ಬೈದಂಗ ಆಗತಿತ್ತು. ಇವತ್ತ ಬೈವಲ್ದು. ನಾ ಇದನ್ನ ಮಾರೂದಿಲ್ಲ.”

“ಮಾರಬ್ಯಾಡ್ರಿ. ಆದ್ರ ಕಣ್ಣ ಮಾತ್ರ ತೆರಕೊಂಡ ಇಳೀರಿ,” ಎಂದಳು ಕಸ್ತೂರಿ.

“ಹಂಗಾದ್ರ ಆ ಹೊಸಾದನ್ನ ಅಂಗಡಿಗೆ ವಾಪಸ್ ಕಳಸಿಬಿಡವಾ,” ಎಂದಳು ಕಾಕು. “ಅಂಜುಬುರುಕ ಸೈಕಲ್ ತಗೊಂಡು ಏನ ಮಾಡತಿ? ಬ್ಯಾರೆ ತರಸು.”

ವಾರದಲ್ಲಿ ಮೊದಲ ಸಲ ಕಸ್ತೂರಿಯ ಕಾಲುಗಳು ಒಂದೇ ಕಡೆ ಊರಿ ನಿಂತಿದ್ದವು. “ಬ್ಯಾರೆ ಬ್ಯಾಡ, ಇದ ಇರಲಿ ಕಾಕು. ಇಬ್ಬರೂ ಅಂಜವರ. ಹುಷಾರಾಗಿ ಇಳೀತೀವಿ.”

ಭಾನುವಾರ ಅವಳು ಎಲ್ಲರಿಗಿಂತ ಕೊನೆಗೆ ಇಳಿದಳು. ಒಮ್ಮೆಯೂ ನೆಲಕ್ಕೆ ಕಾಲಿಡಲಿಲ್ಲ. ಹುಡುಗಿಯರ ಚಪ್ಪಾಳೆ ಕೇಳಿ ಸೈಕಲ್ಲು ಬೆಚ್ಚಿ ಬ್ರೇಕು ಹಿಡಿದದ್ದೊಂದೇ ಎಡವಟ್ಟು.

ಇನ್ನು ಕಾಕಾ. ಮೈಗೆಲ್ಲ ಅರಿಶಿನ ಮೆತ್ತಿಕೊಂಡೇ ಅವರು ಸೋಮವಾರ ಯಂತ್ರವನ್ನು ಗದಗಿನ ಕಾಲೇಜಿನವರಿಗೆ ತೋರಿಸಲು ಹೊರಟರು. ಟಂಟಂ ಆಟೋ ತುಂಬ ಜನ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜೋತಾಡುವ ಕ್ಲಿಪ್ಪು ಯಾರಿಗೂ ತಾಗದಿರಲೆಂದು ಟಂಟಮ್ಮಿನ ಕಂಬಿಗೆ ಕಚ್ಚಿಸಿದರು. ಹಳೇ ಸೈಕಲ್ಲಿನ ಗುಡ್ಡದ ನೆನಪಿನ ಒಂದು ಪ್ರತಿ ಯಂತ್ರದ ಹೊಟ್ಟೆಯಲ್ಲೂ ಉಳಿದಿದೆಯೆಂದು ಅವರಿಗೆ ಹೊಳೆದಿರಲಿಲ್ಲ.

ಊರ ಹೊರಗೆ ಟಂಟಂ ಒಮ್ಮೆ ಸೀನಿತು. ಡಾಂಬರು ರಸ್ತೆ ಬಿಟ್ಟಿತು. ಮೆಣಸಿನಕಾಯಿ ಚೀಲ, ಎರಡು ಕೋಳಿ, ಒಬ್ಬ ಮದುಮಗ, ಅವನ ಇಡೀ ಬೀಗರ ಬಳಗದೊಂದಿಗೆ ಕಪ್ಪತಗುಡ್ಡದ ಕಾಲುದಾರಿ ಏರತೊಡಗಿತು!

“ಗದಗ ಈ ಕಡೆ ಅಲ್ಲಪಾ!” ಎಂದು ಜನರೆಲ್ಲ ಬೊಬ್ಬೆ ಹಾಕಿದರು.

ಡ್ರೈವರ್ ಮಾಬುಸಾಬ ಹ್ಯಾಂಡಲ್ ಕೈಬಿಟ್ಟು ಹಿಂದಕ್ಕೆ ತಿರುಗಿ ಕುಳಿತ. “ಚೀರಬ್ಯಾಡ್ರಿ, ಗಾಡಿಗೆ ಹಾದಿ ಗೊತ್ತೈತಿ,” ಎಂದ. “ಆದ್ರ ಗುಡ್ಡದ ಬಾಡಗಿ ಬ್ಯಾರೆ ಅಕ್ಕೈತಿ.”